ಗೋಮಾಳದ ಪೊದೆ, ಮುಂಗಾರಿನ ಮಳೆ ಮತ್ತು ನೆಲದ ಹುಳುಗಳು

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಉದ್ದೇಶಿಸಿದ ಉಪನ್ಯಾಸ)



ಈ ನಾಲ್ಕು ತಾಲ್ಲೂಕುಗಳಲ್ಲಿ ಗೋಮಾಳವುಳ್ಳ ಊರುಗಳಲ್ಲಿ ಒಂದು ವಿವಾದವು ಪದೇ ಪದೇ ಏಳುವುದುಂಟು. ಹಿಂದೆ ಹುಲ್ಲು ಬೆಳೆಯುತ್ತಿದ್ದ ಬೋರೆಯ ಮೇಲೆ ಲಂಟಾನ ಹಬ್ಬಿರುವುದು. ದನಗಳು ಅದರೊಳಗೆ ನುಗ್ಗಲಾರವು. ಬೆಂಕಿಯಿಟ್ಟೋ ಯಂತ್ರದಿಂದ ಕೆರೆದೋ ಒಂದು ಕಡ್ಡಿಯೂ ಉಳಿಯದಂತೆ ನೆಲವನ್ನು ಚೊಕ್ಕಟ ಮಾಡಬೇಕೆಂದು ಕೆಲವರು ಹೇಳುವರು. ಸೌದೆಗಾದರೂ ಆಗಲಿ, ಇದ್ದಂತೆಯೇ ಇರಲೆಂದು ಮತ್ತೆ ಕೆಲವರು ಹೇಳುವರು. ಉಭಯ ಪಕ್ಷದವರೂ ಕಣ್ಣಿಗೆ ಕಾಣುವ ಗಿಡವನ್ನೂ ಹುಲ್ಲನ್ನೂ ಲೆಕ್ಕಕ್ಕೆ ಹಿಡಿಯುವರೇ ಹೊರತು, ಕಾಲ ಕೆಳಗೆ ವಾಸಿಸುವ ಜೀವಿಗಳನ್ನು ಎಣಿಕೆಗೆ ತರುವುದಿಲ್ಲ. ಗೋಮಾಳದ ಸಗಣಿಯನ್ನು ಮಣ್ಣಿಗಿಳಿಸುವುದೂ, ಪಕ್ಕದ ಹೊಲದ ರಾಗಿಯ ಬೇರನ್ನು ಕಡಿಯುವುದೂ, ಹಾಗೆ ಕಡಿಯುವ ಹುಳುವನ್ನು ಹಿಡಿದು ತಿನ್ನುವುದೂ ಈ ಜೀವಿಗಳೇ. ಆದುದರಿಂದ ಪೊದೆಯ ವಿಷಯದಲ್ಲಿ ಗ್ರಾಮವು ಮಾಡುವ ತೀರ್ಮಾನವು ಮೇವಿನ ತೀರ್ಮಾನ ಮಾತ್ರವಲ್ಲ, ಹೊಲದ ಬೆಳೆಯ ತೀರ್ಮಾನವೂ ಆಗಿರುವುದು.

ಈ ಉಪನ್ಯಾಸದ ಸಾರಾಂಶವನ್ನು ಮೊದಲೇ ಹೇಳಬಹುದು. ನೆಲದ ಹುಳುಗಳು ಯಾವಾಗ ಏಳಬೇಕು, ಎಷ್ಟು ಹೆಚ್ಚಬೇಕು ಎಂಬುದನ್ನು ಮಳೆಯು ಗೊತ್ತುಮಾಡುವುದು. ಯಾವ ಜಾತಿಯ ಹುಳು ಎಲ್ಲಿ ನಿಲ್ಲಬೇಕು ಎಂಬುದನ್ನು ಪೊದೆಯು ಗೊತ್ತುಮಾಡುವುದು. ಮಳೆ ಮನುಷ್ಯನ ಕೈಯಲ್ಲಿಲ್ಲ. ಪೊದೆ ಅವನ ಕೈಯಲ್ಲಿದೆ.

ನೆಲದ ನಿವಾಸಿಗಳು

ಕೀಲುಗಾಲಿನ ಜೀವಿಗಳಿಗೆ ಶಾಸ್ತ್ರಜ್ಞರು ಸಂಧಿಪದಿಗಳೆಂದು ಹೆಸರಿಟ್ಟಿರುವರು. ಇರುವೆ, ಗೊದ್ದ, ಗೆದ್ದಲು, ಮಿಡತೆ, ದುಂಬಿ, ಜೇಡ, ಚೇಳು, ಜರಿ, ಸಹಸ್ರಪದಿ, ಉಣುಗು ಇವೆಲ್ಲವೂ ಆ ವರ್ಗಕ್ಕೆ ಸೇರಿದವು. ಒಂದು ಎಕರೆ ಹುಲ್ಲುನೆಲದಲ್ಲಿ ಇವುಗಳ ಸಂಖ್ಯೆಯು ಅಪಾರವಾದುದು. ಆದರೆ ಇವೆಲ್ಲವನ್ನೂ ಒಂದೇ ಗುಂಪಾಗಿ ಎಣಿಸುವುದು ತಪ್ಪು. ಇವುಗಳಲ್ಲಿ ನಾಲ್ಕು ಕಸುಬಿನವುಗಳುಂಟು.

ಮೊದಲನೆಯವು ಕಸ ತಿನ್ನುವುವು. ಗೆದ್ದಲು ಒಣಹುಲ್ಲನ್ನೂ ಕಡ್ಡಿಯನ್ನೂ ಮಣ್ಣಿಗೆ ಸೇರಿಸುವುದು. ಸಗಣಿಹುಳುವು ಸಗಣಿಯನ್ನು ಉಂಡೆಮಾಡಿ ನೆಲದೊಳಗೆ ಹೂಳುವುದು. ಸಹಸ್ರಪದಿಯು ತರಗೆಲೆಯನ್ನು ಪುಡಿಮಾಡುವುದು. ಎರಡನೆಯವು ಹಸುರನ್ನೂ ಬೇರನ್ನೂ ತಿನ್ನುವ ಮಿಡತೆ, ಕಂಬಳಿಹುಳು, ಗೊಣ್ಣೆಹುಳು ಮುಂತಾದವು. ಮೂರನೆಯವು ಬೇಟೆಯಾಡುವ ಜೇಡ, ನೆಲದ ದುಂಬಿ, ಜರಿ, ಚೇಳು ಮತ್ತು ಹಲವು ಜಾತಿಯ ಇರುವೆಗಳು. ನಾಲ್ಕನೆಯವು ರಕ್ತ ಹೀರುವ ಉಣುಗುಗಳು. ಈ ನಾಲ್ಕು ಕಸುಬಿನವುಗಳು ಸಮನಾಗಿ ತೂಗಿರುವವರೆಗೆ ಗೋಮಾಳವೂ ಅದರ ಸುತ್ತಣ ಹೊಲವೂ ಕ್ಷೇಮವಾಗಿರುವುವು. ತೂಕ ತಪ್ಪಿದರೆ ನಷ್ಟವು ಹಿಡುವಳಿದಾರನದು.

ಮಳೆಯ ಕೆಲಸ

ಮೈಸೂರು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 30 ಅಂಗುಲ ಮಳೆ ಬೀಳುವುದು. ಆದರೆ ಅದು ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದೇ ಸಮನಲ್ಲ. ವಯನಾಡಿಗೂ ಕೊಡಗಿಗೂ ಅಂಟಿಕೊಂಡಿರುವ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ ಸೀಮೆಗಳ ಪಶ್ಚಿಮಭಾಗಕ್ಕೆ ಆಷಾಢದ ಜಡಿಮಳೆ ತಲಪುವುದು. ಪೂರ್ವಕ್ಕೆ ಕೃಷ್ಣರಾಜನಗರದ ಕಡೆಗೆ ಬಂದಂತೆ ಆ ಮಳೆ ಕ್ಷೀಣವಾಗಿ, ಮೇ ತಿಂಗಳ ಗುಡುಗುಮಳೆಯೂ ಅಕ್ಟೋಬರಿನ ಹಿಂಗಾರೂ ಮುಖ್ಯವಾಗುವುವು. ಈ ಎರಡು ಮಳೆಗಳ ನಡುವೆ ನೆಲವು ಮತ್ತೆ ಒಣಗುವುದುಂಟು.

ಒಣಭೂಮಿಯ ಹುಳುಗಳು ಪಂಚಾಂಗವನ್ನು ನೋಡುವುದಿಲ್ಲ. ನೆಲದ ತೇವವನ್ನು ನೋಡುವುವು. ಅಶ್ವಿನಿ, ಭರಣಿ ಮಳೆಗಳು ನೆಲವನ್ನು ಒಂದು ಗೇಣು ನೆನೆಸಿದವೆಂದರೆ ತಿಂಗಳುಗಟ್ಟಲೆ ಅಡಗಿದ್ದ ಜೀವಿಗಳು ಕೆಲವೇ ದಿನಗಳಲ್ಲಿ ಹೊರಬೀಳುವುವು. ಹುತ್ತದಿಂದ ರೆಕ್ಕೆಯ ಗೆದ್ದಲು, ಅಂದರೆ ಹಳ್ಳಿಯವರು ಈಸಲೆಂದು ಕರೆಯುವುದು, ಹಿಂಡುಹಿಂಡಾಗಿ ಏಳುವುದು. ಕೆಂಪು ಮಕಮಲ್ಲಿನಂತಿರುವ ಇಂದ್ರಗೋಪವು ಕೆಮ್ಮಣ್ಣಿನ ಮೇಲೆ ಹರಿದಾಡುವುದು. ಸಗಣಿಹುಳುಗಳು ಕೆಲಸಕ್ಕೆ ತೊಡಗುವುವು. ಬೇಸಗೆಯಲ್ಲಿ ಬಿದ್ದ ಸಗಣಿಯು ಒಣಗಿ ಬೆರಣಿಯಂತಾಗಿ ಗೆದ್ದಲಿನ ಪಾಲಾಗುವುದು; ಮಳೆಗಾಲದಲ್ಲಿ ಬಿದ್ದುದು ಬಹು ಬೇಗ ಮಣ್ಣಿಗಿಳಿಯುವುದು.

ಬೆಳೆಯ ಶತ್ರುಗಳೂ ಅದೇ ಕರೆಗೆ ಏಳುವುವೆಂಬುದನ್ನು ರೈತನು ನೆನಪಿಡತಕ್ಕದ್ದು. ಗೊಣ್ಣೆಹುಳುವಿನ ತಾಯಿಯಾದ ಕಂದುಬಣ್ಣದ ದುಂಬಿಯು ಮುಂಗಾರಿನ ಮೊದಲ ಮಳೆಯ ನಂತರ ಸಂಜೆಗತ್ತಲಲ್ಲಿ ನೆಲದಿಂದೆದ್ದು ಬೇವು, ಜಾಲಿ, ಎಲಚಿ ಮುಂತಾದ ಗಿಡಗಳ ಮೇಲೆ ಕೂತು ಎಲೆ ತಿಂದು, ಅಲ್ಲಿಯೇ ಜೊತೆಗೂಡಿ, ಬೆಳಗಾಗುವುದರೊಳಗೆ ಮಣ್ಣಿಗೆ ಮರಳುವುದು. ಅಲ್ಲಿ ಇಟ್ಟ ಮೊಟ್ಟೆಯಿಂದ ಹೊರಟ ಮರಿಗಳೇ ಜುಲೈ ತಿಂಗಳಿಂದ ಅಕ್ಟೋಬರಿನವರೆಗೆ ಬೇರುಗಳನ್ನು ಕಡಿಯುವುವು. ವರ್ಷಕ್ಕೆ ಒಂದೇ ಸಂತತಿ. ಆದುದರಿಂದ ಆ ಕೆಲವು ಸಂಜೆಗಳನ್ನು ಕಳೆದುಕೊಂಡ ರೈತನು ಇಡೀ ವರ್ಷವನ್ನು ಕಳೆದುಕೊಂಡಂತೆ. ಕೆಂಪುತಲೆಯ ಕಂಬಳಿಹುಳುವಿನ ಕಥೆಯೂ ಹೀಗೆಯೇ. ಅದು ಬದುಗಳ ಮೇಲಿನ ಮರ, ಪೊದೆಗಳ ನೆರಳಿನಲ್ಲಿ ಕೆಲವು ಅಂಗುಲ ಆಳದ ಮಣ್ಣಿನೊಳಗೆ ಕೋಶಾವಸ್ಥೆಯಲ್ಲಿ ಮಲಗಿದ್ದು, ಬಿರುಸಾದ ಮಳೆ ಬಿದ್ದೊಡನೆ ಬಿಳಿರೆಕ್ಕೆಯ ಪತಂಗವಾಗಿ ಹೊರಬರುವುದು.

ಮಳೆಗೂ ನೆಲದಲ್ಲಿ ಹೂತ ಮೊಟ್ಟೆಗೂ ಇರುವ ಈ ಸಂಬಂಧವನ್ನು ಮೈಸೂರು ಸಂಸ್ಥಾನದಲ್ಲಿ ಬಹು ಹಿಂದೆಯೇ ಗಮನಿಸಲಾಗಿತ್ತು. ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದು ಮುಂದೆ ವ್ಯವಸಾಯದ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1911ರಲ್ಲಿ, ಭತ್ತದ ಮಿಡತೆಯನ್ನೂ ಜೋಳದ ಮಿಡತೆಯನ್ನೂ ಕುರಿತ ಪ್ರಕಟಣೆಗಳು ಹೊರಬಂದವು. ರೆಕ್ಕೆಯಿಲ್ಲದ ಆ ಜೋಳದ ಮಿಡತೆಯ ಕುಲಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಈ ಮಿಡತೆಗಳು ಮಳೆಗಾಲದ ಕೊನೆಗೆ ನೆಲದಲ್ಲಿ ಇಟ್ಟ ಮೊಟ್ಟೆಗಳು ಒಣದಿನಗಳನ್ನು ಕಳೆದು ಮರುವರ್ಷದ ಮುಂಗಾರಿನಲ್ಲಿ ಮರಿಯಾಗುವುವು. ಕೃಷ್ಣರಾಜನಗರದ ನಾಲೆಯ ಕೆಳಗಣ ಗದ್ದೆಗಳವರು ಬೇಸಗೆಯಲ್ಲಿ ಬದುಗಳನ್ನು ಕೆರೆದು ಮೊಟ್ಟೆಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದರ ಅರ್ಥವು ಇದೇ.

ಮಳೆ ತಪ್ಪಿದ ವರ್ಷದಲ್ಲಿ ಬೇರೊಂದು ಬಗೆಯ ತೊಂದರೆಯುಂಟು. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅಂಥ ವರ್ಷಗಳಲ್ಲಿ ಒಣಹುಲ್ಲೂ ಕಸವೂ ದೊರೆಯದೆ ಗೆದ್ದಲು ಬಾಡಿದ ಬೆಳೆಯ ಬುಡಕ್ಕೇ ಬಾಯಿಹಾಕುವುದು. ಗೆದ್ದಲು ಆಗ ಹೊಸದಾಗಿ ಹುಟ್ಟಿದುದಲ್ಲ. ಅದರ ಆಹಾರವು ಗೋಮಾಳದಿಂದ ಮಾಯವಾದುದೇ ಕಾರಣ.

ಪೊದೆಯ ಕೆಲಸ

ಬಟ್ಟಬಯಲಿನಲ್ಲಿ ನಿಂತ ಒಂದು ತಂಗಡಿಯ ಗಿಡವನ್ನು ಗಮನಿಸಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲಿನ ಕೆಮ್ಮಣ್ಣಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ಗಿಡದ ಬುಡದಲ್ಲಿ ಕೈಯಿಟ್ಟರೆ ತಂಪು. ಉದುರಿದ ಎಲೆ ಅಲ್ಲಿ ನಿಲ್ಲುವುದು. ಗಾಳಿ ತಂದ ಮಣ್ಣೂ ಬೀಜವೂ ಅಲ್ಲಿ ತಂಗುವುವು. ಕೊಂಬೆಯ ಮೂಲಕ ಇಳಿದ ನೀರು ಬುಡಕ್ಕೆ ಸೇರುವುದು. ಹೀಗಾಗಿ ಪೊದೆಯ ಬುಡದ ಮಣ್ಣು ಬಯಲಿನ ಮಣ್ಣಿಗಿಂತ ಹೆಚ್ಚು ಸಾರವುಳ್ಳದ್ದಾಗಿ ತೇವವನ್ನು ಹೆಚ್ಚು ದಿನ ಹಿಡಿದಿರುವುದು. ಇಸ್ರೇಲಿನ ನೆಗೆವ್, ಅಮೆರಿಕದ ಚಿಹುವಾಹುವಾ, ಉತ್ತರ ಚೀನದ ಮರುಭೂಮಿಯ ಅಂಚಿನ ಹುಲ್ಲುಗಾಡು ಮುಂತಾದ ಒಣಸೀಮೆಗಳಲ್ಲಿ ಪರೀಕ್ಷೆ ನಡೆಸಿದ ಶಾಸ್ತ್ರಜ್ಞರು ಇಂಥ ಪೊದೆಗಳನ್ನು ಫಲವತ್ತಾದ ದ್ವೀಪಗಳೆಂದೇ ಕರೆದಿರುವರು.

ಆ ದ್ವೀಪದಲ್ಲಿ ನೆರಳನ್ನೂ ತರಗನ್ನೂ ಬಯಸುವ ಸಹಸ್ರಪದಿ, ಜೇಡ, ಜರಿ, ಬೇಟೆಯ ದುಂಬಿಗಳು ಸೇರುವುವು. ಬಿಸಿಲನ್ನೂ ಹುಲ್ಲಿನ ಬೀಜವನ್ನೂ ನಂಬಿದ ಇರುವೆಗಳೂ, ಬರಿನೆಲದಲ್ಲಿ ಮೊಟ್ಟೆಯಿಡುವ ಹಲವು ಮಿಡತೆಗಳೂ ಬಯಲಿನಲ್ಲಿಯೇ ಉಳಿಯುವುವು. ಬಯಲೂ ಪೊದೆಯೂ ಪಕ್ಕಪಕ್ಕದಲ್ಲಿದ್ದರೆ ಎರಡು ಕಡೆಯ ಜೀವಿಗಳಿಗೂ ಇಂಬು ದೊರಕುವುದು. ಪೊದೆಯಲ್ಲಿ ಹಗಲು ಕಳೆದ ಬೇಟೆಗಾರರು ರಾತ್ರಿ ಬಯಲಿಗೆ ಬಂದು ಮರಿಹುಳುಗಳನ್ನು ತಿನ್ನುವರು. ಮಳೆ ಚೆನ್ನಾಗಿ ಬಂದ ತಿಂಗಳಿನಲ್ಲಿ ಹುಲ್ಲೇ ನೆರಳು ಕೊಡುವುದರಿಂದ ಪೊದೆಗೂ ಬಯಲಿಗೂ ಭೇದವು ಕಡಮೆಯಾಗುವುದು. ಮಳೆ ತಪ್ಪಿದಾಗ ಆ ಭೇದವು ಹೆಚ್ಚುವುದು. ಅಂಥ ಸಮಯದಲ್ಲಿ ಪೊದೆಯು ಮುಂದಿನ ವರ್ಷಕ್ಕೆ ಜೀವದ ಬೀಜವನ್ನು ಕಾಪಾಡುವ ಕಣಜದಂತಾಗುವುದು. ಆದುದರಿಂದ ಮಳೆ ಕಡಮೆಯಾದ ಪೂರ್ವದ ಊರುಗಳಲ್ಲಿ ಬೋರೆಯ ಕಡೆಯ ತಂಗಡಿಯನ್ನೂ ಎಲಚಿಯನ್ನೂ ಕಿತ್ತುಹಾಕುವುದು ಅವಿವೇಕ.

ಲಂಟಾನದ ವಿಷಯ

ಹಾಗಾದರೆ ಲಂಟಾನವೂ ಪೊದೆಯೇ ಅಲ್ಲವೇ, ಅದನ್ನೇಕೆ ಕೀಳಬೇಕು ಎಂಬ ಪ್ರಶ್ನೆ ಹುಟ್ಟುವುದು. ಭೇದವು ಜಾತಿಯಲ್ಲಿಯೂ ಇದೆ, ಅಳತೆಯಲ್ಲಿಯೂ ಇದೆ. ಲಂಟಾನವು ಅಮೆರಿಕ ಖಂಡದ ಉಷ್ಣಸೀಮೆಯ ಗಿಡ. 19ನೆಯ ಶತಮಾನದ ಆದಿಭಾಗದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತರಲ್ಪಟ್ಟು, ತೋಟದ ಬೇಲಿಯಿಂದ ಕಾಡಿಗೆ ಹಾರಿತು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆಯೂ ಹರಡುವುವು. ನಾಗರಹೊಳೆ, ಬಂಡೀಪುರದ ಅರಣ್ಯಗಳಲ್ಲಿ ಅದು ಬಹು ವಿಸ್ತಾರವಾಗಿ ಹಬ್ಬಿ, ಅರಣ್ಯದಂಚಿನ ಗೋಮಾಳಗಳಿಗೂ ಇಳಿದಿರುವುದು. ಅದರ ಸೊಪ್ಪು ದನಕ್ಕೆ ವಿಷ; ಹಸಿದು ತಿಂದ ದನದ ಈಲಿಯು ಕೆಟ್ಟು, ಬಿಸಿಲು ತಗುಲಿದ ಚರ್ಮವು ಬಿರಿಯುವುದು.

ತಂಗಡಿ, ಬಂದರಿ, ಎಲಚಿ ಮುಂತಾದ ನಾಡಗಿಡಗಳು ಬಿಡಿಬಿಡಿಯಾಗಿ ನಿಂತು ನಡುವೆ ಹುಲ್ಲಿಗೆ ಎಡೆಕೊಡುವುವು. ಲಂಟಾನವು ಒಂದಕ್ಕೊಂದು ಹೆಣೆದುಕೊಂಡು ನೆಲವನ್ನು ಮುಚ್ಚುವುದು. ಅದರ ಕೆಳಗೆ ಗರಿಕೆಯೂ ಹಂಚಿಹುಲ್ಲೂ ಬೆಳೆಯಲಾರವು. ಹುಲ್ಲು ಹೋದಮೇಲೆ ಹುಲ್ಲನ್ನು ನಂಬಿದ ಹುಳುಗಳು ಹೋಗುವುವು. ದನ ಬಾರದಿರುವುದರಿಂದ ಸಗಣಿಯೂ ಸಗಣಿಹುಳುವೂ ಹೋಗುವುವು. ಉಳಿಯುವುದು ನೆರಳಿನ ಕೆಲವು ಜಾತಿಗಳು ಮಾತ್ರ. ದಕ್ಷಿಣ ಆಫ್ರಿಕದ ಕಲಹರಿ ಸೀಮೆಯ ಮೇವುಗಾಡುಗಳಲ್ಲಿಯೂ ಪೊದೆಯು ಮಿತಿಮೀರಿ ಹಬ್ಬಿದ ಕಡೆ ನೆಲದ ಹಲವು ಜೀವಿಗಳು ಕುಗ್ಗಿದುವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮಿತವಾದ ಪೊದೆಯು ಬಯಲಿಗೆ ಬಲ. ಮಿತಿಮೀರಿದ ಪೊದೆಯು ಬಯಲನ್ನೇ ನುಂಗುವುದು. ಪಶ್ಚಿಮದ ಊರುಗಳಲ್ಲಿ ಮಳೆ ಹೆಚ್ಚಿರುವುದರಿಂದ ಈ ನುಂಗುವಿಕೆಯು ಬೇಗ ನಡೆಯುವುದು. ಹೆಗ್ಗಡದೇವನಕೋಟೆಯವರಿಗೆ ಪೊದೆಯನ್ನು ಬಿಡಿಸುವ ಕೆಲಸ ಮುಖ್ಯವಾದರೆ, ಕೃಷ್ಣರಾಜನಗರದವರಿಗೆ ಇರುವ ನಾಡಪೊದೆಯನ್ನು ಉಳಿಸುವ ಕೆಲಸ ಮುಖ್ಯ.

ದಟ್ಟವಾದ ಪೊದೆಯ ತರಗಿನಲ್ಲಿ ಉಣುಗುಗಳು ದನಕ್ಕಾಗಿಯೂ ಕಾಡುಮೃಗಕ್ಕಾಗಿಯೂ ಕಾದಿರುವುದು ಮತ್ತೊಂದು ಅಪಾಯ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದ ಬಳಿ ಮೊದಲು ಗುರುತಿಸಲ್ಪಟ್ಟಿತು. 2012ರಲ್ಲಿ ಬಂಡೀಪುರದ ಅರಣ್ಯದಲ್ಲಿಯೂ, ಆಮೇಲಿನ ವರ್ಷಗಳಲ್ಲಿ ವಯನಾಡಿನಲ್ಲಿಯೂ ಅದು ಕಾಣಿಸಿಕೊಂಡಿತು. ಈ ಎರಡು ಸೀಮೆಗಳೂ ಹೆಗ್ಗಡದೇವನಕೋಟೆಯ ನೆರೆಯವು. ಮಳೆಗಾಲ ಕಳೆದು ನೆಲವು ಒಣಗುವ ತಿಂಗಳುಗಳಲ್ಲಿ ಸಣ್ಣ ಉಣುಗುಗಳ ಕಾಟವು ಹೆಚ್ಚು. ಜನರು ಸೌದೆಗೆ ಹೊರಡುವುದೂ ಆಗಲೇ. ಕಾಡಿನಂಚಿನ ಪೊದೆಗೆ ಹೋಗಿ ಬಂದವರು ಮೈಯನ್ನು ಪರೀಕ್ಷಿಸಿ ಸ್ನಾನಮಾಡತಕ್ಕದ್ದು. ಮಂಗಗಳು ಸತ್ತು ಬಿದ್ದಿದ್ದರೆ ಮುಟ್ಟದೆ, ಆರೋಗ್ಯ ಇಲಾಖೆಯವರಿಗೂ ಅರಣ್ಯ ಇಲಾಖೆಯವರಿಗೂ ಒಡನೆಯೇ ತಿಳಿಸತಕ್ಕದ್ದು. ಜ್ವರ ಬಂದವರು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಹಳೆಯ ಕಾವಲುಗಳ ಪಾಠ

ಹುಣಸೂರಿನವರಿಗೆ ಈ ವಿಚಾರವು ಹೊಸದಲ್ಲ. 19ನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಆಡಳಿತದ ಕೇಂದ್ರವು ಹುಣಸೂರಿನಲ್ಲಿದ್ದಿತು. ಆ ದನಗಳಿಗಾಗಿ ಸಂಸ್ಥಾನದಲ್ಲೆಲ್ಲ ಮೀಸಲಾಗಿದ್ದ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಅವುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಕಾಲಾನುಸಾರವಾಗಿ ಒಂದರಿಂದೊಂದಕ್ಕೆ ಹೊಡೆಯುತ್ತಿದ್ದರು. ನೆರಳೂ ನೀರೂ ಉಳ್ಳ ಕಾವಲು ಬೇಸಗೆಗೆ. ಮಳೆಯಿಂದ ಮಾತ್ರ ಚಿಗುರುವ ಬಯಲು ಮಳೆಗಾಲಕ್ಕೆ. ದನ ಹೋದಮೇಲೆ ಪ್ರತಿಯೊಂದು ಕಾವಲಿಗೂ ಕೆಲವು ತಿಂಗಳ ವಿಶ್ರಾಂತಿ ದೊರೆಯುತ್ತಿದ್ದಿತು. ಹುಲ್ಲು ಬೀಜಕಟ್ಟುತ್ತಿದ್ದಿತು, ಸಗಣಿ ಮಣ್ಣಿಗಿಳಿಯುತ್ತಿದ್ದಿತು. ಹುಳುಗಳ ಹೆಸರನ್ನು ಎತ್ತದಿದ್ದರೂ ಆ ಏರ್ಪಾಟು ಮಳೆಯ ಕ್ರಮವನ್ನು ಅನುಸರಿಸಿದುದರಿಂದ ಅವುಗಳಿಗೂ ಅನುಕೂಲವಾಗಿದ್ದಿತು.

ಇಂದು ಗ್ರಾಮದ ಗೋಮಾಳವು ಸಣ್ಣದು. 100 ದನಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು 30 ಎಕರೆಯಂತೆ, ಮೇವಿನ ನೆಲವನ್ನು ಮೀಸಲಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಹೇಳಿದೆ. ಇರುವ ನೆಲವು ಅಷ್ಟಿಲ್ಲದಿದ್ದರೂ ಅದನ್ನು ಮೂರು ಭಾಗ ಮಾಡಿ, ಸರದಿಯ ಮೇಲೆ ಒಂದು ಭಾಗಕ್ಕೆ ಮಳೆಗಾಲದ ವಿಶ್ರಾಂತಿ ಕೊಡುವುದು ಯಾವ ಗ್ರಾಮಕ್ಕೂ ಅಸಾಧ್ಯವಲ್ಲ.

ಮಾಡತಕ್ಕ ಕೆಲಸಗಳು

1. ಗೋಮಾಳದ ಪೊದೆಗಳನ್ನು ಮೊದಲು ವಿಂಗಡಿಸತಕ್ಕದ್ದು. ತಂಗಡಿ, ಬಂದರಿ, ಎಲಚಿ, ಲಕ್ಕಿ ಮುಂತಾದ ನಾಡಗಿಡಗಳನ್ನು ಬಿಡಿಬಿಡಿಯಾಗಿ ಉಳಿಸತಕ್ಕದ್ದು. ಲಂಟಾನವನ್ನು ಮಾತ್ರ ತೆಗೆಯತಕ್ಕದ್ದು. ಗ್ರಾಮ ಪಂಚಾಯಿತಿ ಮತ್ತು ಕಂದಾಯ ಇಲಾಖೆಯವರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದು ಅವಶ್ಯಕ. ಅರಣ್ಯದ ಎಲ್ಲೆಯೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೈಹಾಕತಕ್ಕದ್ದಲ್ಲ.

2. ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುವುದು. ನೆಲ ನೆನೆದಿರುವಾಗ, ಹಣ್ಣು ಬಿಡುವುದಕ್ಕೆ ಮುಂಚೆ, ಮಣ್ಣಿನಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟು ಒಣಗಿಸತಕ್ಕದ್ದು. ಮುಂದಿನ ಎರಡು ಮೂರು ಮುಂಗಾರುಗಳಲ್ಲಿ ಏಳುವ ಸಸಿಗಳನ್ನು, ವಿಶೇಷವಾಗಿ ಹಕ್ಕಿ ಕೂರುವ ಮರಗಳ ಕೆಳಗೆ ಹುಟ್ಟಿದವನ್ನು, ಕೈಯಿಂದ ಕೀಳತಕ್ಕದ್ದು.

3. ಒಂದೇ ವರ್ಷದಲ್ಲಿ ಇಡೀ ಗೋಮಾಳವನ್ನು ಬೋಳುಮಾಡತಕ್ಕದ್ದಲ್ಲ. ಭಾಗ ಭಾಗವಾಗಿ ತೆಗೆದು, ತೆಗೆದ ಕಡೆ ಹುಲ್ಲು ಬೇರೂರುವವರೆಗೆ ದನಗಳನ್ನು ತಡೆಯತಕ್ಕದ್ದು. ಬೆಂಕಿಯಿಡುವುದರಿಂದ ತರಗಿನಲ್ಲಿರುವ ಬೇಟೆಯ ಹುಳುಗಳು ನಾಶವಾಗುವುವು. ಲಂಟಾನದ ಬುಡವಾದರೋ ಮತ್ತೆ ಚಿಗುರುವುದು. ಕಾಡಿಗೂ ಬೆಂಕಿ ಹಬ್ಬುವ ಭಯವುಂಟು.

4. ಹೊಲದ ಬದುವಿನ ಬೇವು, ಜಾಲಿ, ಎಲಚಿಗಳನ್ನು ಮೊದಲ ಮಳೆಯ ನಂತರದ ಸಂಜೆಗಳಲ್ಲಿ ನೋಡತಕ್ಕದ್ದು. ದುಂಬಿಗಳು ಕೂತಿದ್ದರೆ ಕೊಂಬೆಯನ್ನು ಅಲ್ಲಾಡಿಸಿ, ಕೆಳಗೆ ಹಾಸಿದ ಗೋಣಿಯ ಮೇಲೆ ಬಿದ್ದುದನ್ನು ಕೂಡಿಸಿ ನಾಶಮಾಡತಕ್ಕದ್ದು. ಒಬ್ಬನು ಮಾತ್ರ ಮಾಡಿದರೆ ಫಲವಿಲ್ಲ. ಊರೆಲ್ಲ ಕೂಡಿ ಕೆಲವು ಸಂಜೆ ಮಾಡಬೇಕು. ಆಗ ಪೊದೆಯನ್ನು ಕಡಿಯುವ ಅವಶ್ಯಕತೆಯೇ ಇಲ್ಲ. ಶತ್ರುವು ತಾನಾಗಿ ಒಂದು ಕಡೆ ಸೇರುವಂತೆ ಪೊದೆಯೇ ಮಾಡಿಕೊಡುವುದು.

5. ಮಾಗಿ ಉಳುಮೆಯನ್ನೂ ಬೇಸಗೆಯ ಉಳುಮೆಯನ್ನೂ ಬಿಡತಕ್ಕದ್ದಲ್ಲ. ಮಣ್ಣಿನೊಳಗಣ ಕೋಶಗಳೂ ಗೊಣ್ಣೆಗಳೂ ಮೇಲಕ್ಕೆ ಬಂದು ಮೈನಾ, ಕಾಗೆ, ಬೆಳ್ಳಕ್ಕಿಗಳಿಗೆ ಆಹಾರವಾಗುವುವು.

ಹಳ್ಳಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಇಲ್ಲಿ ಹೇಳಿದ ಮಾತನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಾದುದಿಲ್ಲ. ಹನ್ನೆರಡು ಲೋಟಗಳಿದ್ದರೆ ಪ್ರತಿಯೊಂದು ಗ್ರಾಮವೂ ಇದನ್ನು ಪರೀಕ್ಷಿಸಬಹುದು. ನಾಲ್ಕು ಲೋಟಗಳನ್ನು ಬಯಲು ಹುಲ್ಲಿನಲ್ಲಿಯೂ, ನಾಲ್ಕನ್ನು ತಂಗಡಿಯ ಬುಡದಲ್ಲಿಯೂ, ನಾಲ್ಕನ್ನು ಲಂಟಾನದ ಮೆಳೆಯೊಳಗೂ ಬಾಯಿಯು ನೆಲದ ಮಟ್ಟಕ್ಕೆ ಸರಿಯಾಗಿರುವಂತೆ ಹೂಳಬೇಕು. ಒಳಗೆ ಎರಡು ಅಂಗುಲ ನೀರನ್ನೂ ಒಂದು ಚೂರು ಸೋಪನ್ನೂ ಹಾಕಿ, ಮಳೆ ಬೀಳದಂತೆ ಮೂರು ಕಲ್ಲುಗಳ ಮೇಲೆ ಒಂದು ಹೆಂಚನ್ನಿಟ್ಟು ಮುಚ್ಚಬೇಕು. ಎರಡು ರಾತ್ರಿ ಕಳೆದಮೇಲೆ ತೆಗೆದು, ಬಿದ್ದುದನ್ನು ಇರುವೆ, ಜೇಡ, ದುಂಬಿ, ಮಿಡತೆ, ಇತರ ಎಂದು ವಿಂಗಡಿಸಿ ಎಣಿಸಿ ಬರೆದಿಡಬೇಕು. ಚೇಳು, ಜರಿಗಳು ಇರಬಹುದಾದುದರಿಂದ ಕೈಹಾಕದೆ ಕಡ್ಡಿಯಿಂದ ತೆಗೆಯಬೇಕು. ಪರೀಕ್ಷೆ ಮುಗಿದಮೇಲೆ ಗುಳಿಗಳನ್ನು ಮುಚ್ಚಬೇಕು.

ಈ ಪರೀಕ್ಷೆಯನ್ನು ಫೆಬ್ರವರಿಯಲ್ಲಿ ಒಂದು ಸಲ, ಭರಣಿ ಮಳೆ ಬಿದ್ದ ವಾರದಲ್ಲಿ ಒಂದು ಸಲ, ಆರಿದ್ರೆಯಲ್ಲಿ ಮತ್ತೊಂದು ಸಲ ನಡೆಸಿದರೆ ಮಳೆಯ ಕೆಲಸವೂ ಪೊದೆಯ ಕೆಲಸವೂ ಎರಡೂ ಅಂಕೆಗಳಲ್ಲಿ ಕಾಣುವುವು. ಊರಿನ ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಇದನ್ನು ಸಂತೋಷದಿಂದ ನಡೆಸಿಕೊಡಬಲ್ಲರು. ಲಂಟಾನವನ್ನು ತೆಗೆಯುವುದಕ್ಕೆ ಮುಂಚೆ ಒಂದು ವರ್ಷ, ತೆಗೆದಮೇಲೆ ಎರಡು ವರ್ಷ ಎಣಿಸಿ ನೋಡಿದ ಗ್ರಾಮಕ್ಕೆ ಬೇರೆ ಉಪದೇಶವು ಬೇಕಾಗುವುದಿಲ್ಲ.

ಉಪಸಂಹಾರ

ಗೋಮಾಳವು ಒಬ್ಬನ ಸ್ವತ್ತಲ್ಲ; ಆದುದರಿಂದಲೇ ಅದರ ಕೆಲಸವು ಯಾರ ಕೆಲಸವೂ ಆಗದೆ ಉಳಿಯುವುದು. ಅದನ್ನು ಬೋಳುಮಾಡಿದರೆ ಬರಗಾಲದ ನೆರಳು ಹೋಗುವುದು. ಮುಚ್ಚಲು ಬಿಟ್ಟರೆ ಮಳೆಗಾಲದ ಹುಲ್ಲು ಹೋಗುವುದು. ಎರಡರಲ್ಲಿ ಯಾವುದಾದರೂ ಪಕ್ಕದ ಹೊಲದ ರಾಗಿ, ಅವರೆ, ಹೊಗೆಸೊಪ್ಪುಗಳಿಗೆ ಕಾವಲಿದ್ದ ಸಣ್ಣ ಜೀವಿಗಳು ಕುಗ್ಗುವುವು. ನಡುವಣ ದಾರಿಯು ಯಾವುದೆಂಬುದನ್ನು ಮೇಲೆ ವಿವರಿಸಲಾಗಿದೆ: ಹುಲ್ಲಿನ ನಡುವೆ ಬಿಡಿಬಿಡಿಯಾದ ನಾಡಪೊದೆ, ಸರದಿಯ ಮೇವು, ಮೊದಲ ಮಳೆಯ ಸಂಜೆಗಳಲ್ಲಿ ಊರವರೆಲ್ಲರ ಎಚ್ಚರ. ಮುಂಗಾರಿಗೆ ಮುಂಚಿತವಾಗಿ ಗ್ರಾಮಸಭೆಯಲ್ಲಿ ಈ ವಿಷಯವನ್ನೆತ್ತಿ, ಯಾವ ಭಾಗವನ್ನು ಈ ವರ್ಷ ಬಿಡಿಸಬೇಕು, ಯಾವ ಭಾಗಕ್ಕೆ ವಿಶ್ರಾಂತಿ ಕೊಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಹಿಡುವಳಿದಾರರಿಗೂ ಯಜಮಾನರಿಗೂ ಸೇರಿದ ಕರ್ತವ್ಯವಾಗಿರುತ್ತದೆ.